ಆ್ಯಪ್ ಮಾಡಿಸುವ ಮೊದಲು

2015ರ ಮೇ ತಿಂಗಳಲ್ಲಿ ಬೆಂಗಳೂರಿನ ಉಡುಪು ಮಾರಾಟ ಕಂಪನಿ ಮಿಂತ್ರಾ ತನ್ನ ವೆಬ್‌ಸೈಟನ್ನು ಪೂರ್ತಿಯಾಗಿ ಮುಚ್ಚಿತು. ಬಟ್ಟೆ ಬೇಕಾದವರು ಆ್ಯಪ್ ಹಾಕಿಕೊಂಡೇ ಬರಲಿ ಎಂಬುದು ಅದರ ತೀರ್ಮಾನ. ಅದರ ಒಡೆತನ ಹೊಂದಿದ್ದ ಫ್ಲಿಪ್‌ಕಾರ್ಟ್ ಕೂಡ ಅದೇ ವರ್ಷ ಮೊಬೈಲ್ ಬ್ರೌಸರಿನಲ್ಲಿ ತೆರೆದುಕೊಳ್ಳುತ್ತಿದ್ದ ತನ್ನ ತಾಣವನ್ನು ನಿಲ್ಲಿಸಿ, ಬಂದವರನ್ನೆಲ್ಲ ಆ್ಯಪ್ ಕಡೆಗೆ ಕಳಿಸತೊಡಗಿತ್ತು. ಎರಡೂ ಕಂಪನಿಗಳು ಹಿಂದೆ ಸರಿಯಬೇಕಾಯಿತು. 2015ರ ನವೆಂಬರ್‌ನಲ್ಲಿ ಫ್ಲಿಪ್‌ಕಾರ್ಟ್ ‘ಫ್ಲಿಪ್‌ಕಾರ್ಟ್ ಲೈಟ್’ ಎಂಬ ಹಗುರ ಮೊಬೈಲ್ ತಾಣದೊಂದಿಗೆ ಮರಳಿತು. ಮಿಂತ್ರಾ ಮೊದಲು ಮೊಬೈಲ್ ತಾಣವನ್ನೂ, 2016ರ ಜೂನ್‌ನಲ್ಲಿ ಕಂಪ್ಯೂಟರಿನ ತಾಣವನ್ನೂ ಮತ್ತೆ ತೆರೆಯಿತು.

ಕೋಟಿಗಟ್ಟಲೆ ಹಣ, ನೂರಾರು ಎಂಜಿನಿಯರ್‌ಗಳು, ಊರೂರಿಗೂ ಗೊತ್ತಿರುವ ಹೆಸರು ಇದ್ದ ಕಂಪನಿಗಳಿಗೇ ಆ್ಯಪ್ ಒಂದೇ ಸಾಲಲಿಲ್ಲ. ಆದರೂ ಹುಬ್ಬಳ್ಳಿಯ ಬಟ್ಟೆ ಅಂಗಡಿಯಿಂದ ಹಿಡಿದು ಸಕಲೇಶಪುರದ ಹೋಂಸ್ಟೇವರೆಗೆ, ವ್ಯಾಪಾರವನ್ನು ಮೊಬೈಲಿಗೆ ತರಬೇಕೆಂದು ಹೊರಟವರ ಮೊದಲ ಪ್ರಶ್ನೆ ‘ಒಂದು ಆ್ಯಪ್ ಮಾಡಿಸೋದಕ್ಕೆ ಎಷ್ಟಾಗುತ್ತೆ?’ ಎಂಬುದೇ ಆಗಿರುತ್ತದೆ. ನನ್ನ ಪ್ರಕಾರ ಅದು ಕಟ್ಟಕಡೆಗೆ ಕೇಳಬೇಕಾದ ಪ್ರಶ್ನೆ. ಹೆಚ್ಚಿನ ಸಣ್ಣ ವ್ಯಾಪಾರಿಗಳಿಗೆ ಅದನ್ನು ಕೇಳುವ ಅಗತ್ಯವೇ ಬರುವುದಿಲ್ಲ. ಅದಕ್ಕೂ ಮುಂಚೆ ಮಾಡಬೇಕಾದ ಕೆಲಸಗಳು ಕೆಲವಿವೆ. ಅವುಗಳಲ್ಲಿ ಬಹಳಷ್ಟಕ್ಕೆ ದುಡ್ಡು ಬೇಕಿಲ್ಲ, ಸ್ವಲ್ಪ ಪುರಸೊತ್ತು ಮತ್ತು ಶ್ರದ್ಧೆ ಸಾಕು.

ಗಿರಾಕಿ ಹುಡುಕುವುದು ಎಲ್ಲಿ?

2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದ ಮೇಲೆ ಡೇಟಾ ದರ ಇಳಿದು, ನಮ್ಮ ಹಳ್ಳಿಗಳಲ್ಲೂ ಇಂಟರ್ನೆಟ್ ಎಂದರೆ ಮೊಬೈಲ್ ಎಂದಾಯಿತು. ಕಂಪ್ಯೂಟರನ್ನು ಒಮ್ಮೆಯೂ ಮುಟ್ಟದವರು ಫೋನಿನಲ್ಲೇ ಟ್ರೇನ್ ಟಿಕೆಟ್ ತೆಗೆಯುತ್ತಾರೆ, ಪಹಣಿ ನೋಡುತ್ತಾರೆ, ಹಣ ಕಳಿಸುತ್ತಾರೆ. ಇವರಿಗೆ ಏನಾದರೂ ಕೊಳ್ಳಬೇಕೆನಿಸಿದರೆ ಗೂಗಲ್‌ನಲ್ಲೋ ಮ್ಯಾಪ್‌ನಲ್ಲೋ ಹುಡುಕುತ್ತಾರೆ, ಪರಿಚಯದವರನ್ನು ವಾಟ್ಸ್ಆ್ಯಪ್‌ನಲ್ಲಿ ವಿಚಾರಿಸುತ್ತಾರೆ, ಇನ್‌ಸ್ಟಾಗ್ರಾಮ್‌ನಲ್ಲಿ ಕಂಡ ರೀಲನ್ನು ಅಕ್ಕನಿಗೋ ಅತ್ತಿಗೆಗೋ ಕಳಿಸಿ ‘ಇದು ಚೆನ್ನಾಗಿದೆಯಾ?’ ಎಂದು ಕೇಳುತ್ತಾರೆ. ವರ್ಷಕ್ಕೆ ಒಂದೆರಡು ಸಲ ಹೋಗುವ ಅಂಗಡಿಗಾಗಿ ಯಾರೂ ಆ್ಯಪ್ ಹಾಕಿಕೊಳ್ಳುವುದಿಲ್ಲ. ಫೋನಿನ ಜಾಗ ಮೊದಲೇ ತುಂಬಿ, ಮಕ್ಕಳ ಫೋಟೊ ಅಳಿಸಬೇಕೋ ಹಳೆಯ ವಿಡಿಯೊ ಅಳಿಸಬೇಕೋ ಎಂದು ಒದ್ದಾಡುವ ಸ್ಥಿತಿಯಲ್ಲಿ ಅಪರಿಚಿತ ಅಂಗಡಿಯ ಆ್ಯಪ್‌ಗೆ ಜಾಗ ಸಿಗುವುದು ಕಷ್ಟ.

ಒಂದು ಉದಾಹರಣೆ ಹಿಡಿದು ಹೋಗೋಣ. ಬಾಗಲಕೋಟೆ ಜಿಲ್ಲೆಯ ಇಳಕಲ್‌ನಲ್ಲಿ ಸೀರೆ ಅಂಗಡಿ ಇಟ್ಟುಕೊಂಡವರು ಒಬ್ಬರಿದ್ದಾರೆ ಎಂದಿಟ್ಟುಕೊಳ್ಳಿ. ಪುಣೆಯಲ್ಲೋ ಬೆಂಗಳೂರಿನಲ್ಲೋ ಇರುವ ಒಬ್ಬ ಹೆಣ್ಣುಮಗಳಿಗೆ ತಂಗಿಯ ಮದುವೆಗೆ ಇಳಕಲ್ ಸೀರೆ ಬೇಕು. ಆಕೆ ಫೋನಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ‘ಇಳಕಲ್ ಸಾರಿ ಶಾಪ್’ ಎಂದು ಒತ್ತುತ್ತಾಳೆ, ಇಲ್ಲವೇ ಮೈಕ್ ಮುಟ್ಟಿ ಕನ್ನಡದಲ್ಲಿ ಹೇಳುತ್ತಾಳೆ. ಗೂಗಲ್ 2017ರಿಂದಲೇ ಕನ್ನಡ ಮಾತನ್ನು ಕೇಳಿಸಿಕೊಂಡು ಹುಡುಕುತ್ತಿದೆ. ಆಕೆಯ ಕಣ್ಣಿಗೆ ಮೊದಲು ಬೀಳುವುದು ನಕ್ಷೆ ಮತ್ತು ಅದರ ಕೆಳಗೆ ಮೂರ್ನಾಲ್ಕು ಅಂಗಡಿಗಳ ಹೆಸರು, ನಕ್ಷತ್ರ, ಫೋಟೊ, ಕರೆ ಮಾಡುವ ಗುಂಡಿ. ನಮ್ಮ ಅಂಗಡಿ ಆ ಮೂರ್ನಾಲ್ಕರಲ್ಲಿ ಇದೆಯೇ ಎಂಬುದೇ ಪ್ರಶ್ನೆ. ಅಲ್ಲಿ ಇಲ್ಲದವರ ಆ್ಯಪ್ ಎಷ್ಟೇ ಚೆಂದವಿರಲಿ, ಅದು ಇದೆಯೆಂದೇ ಆಕೆಗೆ ತಿಳಿಯುವುದಿಲ್ಲ.

ಮೊದಲ ಕೆಲಸ: ನಕ್ಷೆಯಲ್ಲಿ ಸರಿಯಾಗಿ ಕಾಣಿಸಿ

ಗೂಗಲ್ ಬಿಸಿನೆಸ್ ಪ್ರೊಫೈಲ್ ಎಂಬುದು ಉಚಿತ. ಹಿಂದೆ ಇದಕ್ಕೆ ಗೂಗಲ್ ಮೈ ಬಿಸಿನೆಸ್ ಎಂಬ ಹೆಸರಿತ್ತು, 2021ರಲ್ಲಿ ಬದಲಾಯಿತು. ಹೊಸದಾಗಿ ಸೇರಿಸುವ ಮೊದಲು ನಕ್ಷೆಯಲ್ಲಿ ನಿಮ್ಮ ಅಂಗಡಿಯನ್ನು ಹುಡುಕಿ ನೋಡಿ. ಎಷ್ಟೋ ಸಲ ಯಾರೋ ಗಿರಾಕಿ ಆಗಲೇ ಸೇರಿಸಿಬಿಟ್ಟಿರುತ್ತಾರೆ, ಹೆಸರಿನ ಕಾಗುಣಿತ ತಪ್ಪಿರುತ್ತದೆ, ಹಳೆಯ ಫೋನ್ ನಂಬರ್ ಇರುತ್ತದೆ. ಹಾಗಿದ್ದರೆ ‘ಈ ವ್ಯವಹಾರ ನನ್ನದು’ ಎಂದು ಹಕ್ಕು ಕೇಳುವ ಅವಕಾಶ ಅಲ್ಲೇ ಇದೆ.

ಅಂಗಡಿ ನಿಮ್ಮದೇ ಎಂದು ಖಾತ್ರಿಪಡಿಸಲು ಗೂಗಲ್ ಈಗ ಹೆಚ್ಚಾಗಿ ವಿಡಿಯೊ ಕೇಳುತ್ತದೆ. ಎಲ್ಲಿಯೂ ನಿಲ್ಲಿಸದೆ ಒಂದೇ ಓಟದಲ್ಲಿ ತೆಗೆಯಬೇಕು. ಮೊದಲು ಬೀದಿ, ಅಕ್ಕಪಕ್ಕದ ಅಂಗಡಿಗಳು, ಆಮೇಲೆ ನಿಮ್ಮ ನಾಮಫಲಕ, ನಂತರ ಬೀಗ ತೆಗೆಯುವುದೋ ಷಟರ್ ಎತ್ತುವುದೋ, ಒಳಗಿನ ಗಲ್ಲಾಪೆಟ್ಟಿಗೆ, ಸರಕು, ಸಾಧ್ಯವಾದರೆ ಲೈಸೆನ್ಸ್ ಪತ್ರ. ಹಗಲು ಬೆಳಕಿನಲ್ಲಿ, ನಾಮಫಲಕದ ಅಕ್ಷರ ಓದಲು ಬರುವಂತೆ ತೆಗೆದರೆ ಮತ್ತೆ ಮತ್ತೆ ಕಳಿಸುವ ಕಷ್ಟ ತಪ್ಪುತ್ತದೆ. ಈ ಕೆಲಸಕ್ಕೆ ಗೂಗಲ್ ಹಣ ಕೇಳುವುದಿಲ್ಲ. ‘ಗೂಗಲ್ ಕಡೆಯಿಂದ ಮಾತಾಡ್ತಿದ್ದೀವಿ, ನಿಮ್ಮ ಲಿಸ್ಟಿಂಗ್ ಬಂದ್ ಆಗುತ್ತೆ, ಇಷ್ಟು ಕಟ್ಟಿ’ ಎಂದು ಯಾರಾದರೂ ಫೋನ್ ಮಾಡಿದರೆ ಮಾತು ಬೆಳೆಸದೆ ಇಟ್ಟುಬಿಡಿ.

ಹೆಸರಿನ ಜಾಗದಲ್ಲಿ ಬೋರ್ಡಿನ ಮೇಲಿರುವ ಹೆಸರನ್ನಷ್ಟೇ ಹಾಕಿ. ‘ಬೆಸ್ಟ್ ಇಳಕಲ್ ಸೀರೆ ಹೋಲ್‌ಸೇಲ್ ಕಡಿಮೆ ಬೆಲೆ’ ಎಂದೆಲ್ಲ ಜೋಡಿಸುವುದು ನಿಯಮಕ್ಕೆ ವಿರುದ್ಧ. ದೂರು ಹೋದರೆ ಪ್ರೊಫೈಲೇ ಅಮಾನತಾಗಬಹುದು. ಏನು ಮಾರುತ್ತೀರಿ ಎಂಬುದನ್ನು ಹೇಳಲು ವರ್ಗ ಮತ್ತು ವಿವರಣೆ ಎಂಬ ಬೇರೆ ಜಾಗಗಳಿವೆ. ವಿವರಣೆಗೆ 750 ಅಕ್ಷರಗಳಷ್ಟು ಜಾಗವಿದೆ, ಅದರಲ್ಲಿ ಕನ್ನಡಕ್ಕೂ ಪಾಲು ಕೊಡಿ. ರಾಜ್ಯದಲ್ಲಿ ಅಂಗಡಿಯ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂದು 2024ರಲ್ಲಿ ಕಾನೂನು ತಿದ್ದುಪಡಿಯಾಯಿತು. ಬೀದಿಯಲ್ಲಿ ಕನ್ನಡ ಕಾಣಿಸಿ ಫೋನಿನಲ್ಲಿ ಒಂದಕ್ಷರವೂ ಕಾಣಿಸದಿದ್ದರೆ ಕನ್ನಡದಲ್ಲಿ ಹುಡುಕುವ ಗಿರಾಕಿಯನ್ನು ನಾವೇ ದೂರ ಇಟ್ಟ ಹಾಗಾಗುತ್ತದೆ.

ಮಲೆನಾಡಿನ ಹೋಂಸ್ಟೇಯವರಿಗೆ ಒಂದು ವಿಶೇಷ ಸೂಚನೆ. ವಿಳಾಸ ಬರೆದರೆ ಸಾಲದು, ಪಿನ್ ಎಲ್ಲಿ ಬಿದ್ದಿದೆ ಎಂದು ನೋಡಿ. ತೋಟದ ನಡುವಿನ ಮನೆಯ ಮೇಲೆ ಪಿನ್ ಇಟ್ಟರೆ ನಕ್ಷೆ ಹಿಂಬದಿಯ ಜೀಪು ದಾರಿಯಲ್ಲಿ ಕರೆದೊಯ್ಯಬಹುದು. ಮಳೆಗಾಲದ ರಾತ್ರಿ ಹೆಂಡತಿ ಮಕ್ಕಳೊಂದಿಗೆ ಸಣ್ಣ ಕಾರಿನಲ್ಲಿ ಬಂದವರು ಆ ಕೆಸರಿನಲ್ಲಿ ಸಿಕ್ಕಿಬಿದ್ದರೆ, ನೆಟ್‌ವರ್ಕ್ ಇಲ್ಲದ ಜಾಗದಲ್ಲಿ ನಿಮಗೆ ಕರೆಯೂ ಬರುವುದಿಲ್ಲ. ಪಿನ್ನನ್ನು ಗೇಟಿನ ಹತ್ತಿರ ಇಡಿ. ಕಾಯ್ದಿರಿಸಿದವರಿಗೆ ನಕ್ಷೆಯ ಪ್ಲಸ್ ಕೋಡ್, ಜೊತೆಗೆ ‘ಚೆಕ್‌ಪೋಸ್ಟ್ ದಾಟಿದ ಮೇಲೆ ಎಡಕ್ಕೆ, ಶಾಲೆಯ ಪಕ್ಕದ ಡಾಂಬರು ರಸ್ತೆ’ ಎಂಬಂಥ ಎರಡು ಸಾಲನ್ನು ಮೊದಲೇ ಕಳಿಸಿ.

ಸಮಯ, ರಜೆ, ಹಬ್ಬದ ದಿನಗಳ ಬದಲಾವಣೆ ಇವನ್ನು ತಪ್ಪದೆ ತಿದ್ದುತ್ತಿರಿ. ‘ತೆರೆದಿದೆ’ ಎಂದು ಫೋನ್ ಹೇಳಿದ ಅಂಗಡಿಗೆ ಬಂದು ಬೀಗ ನೋಡಿದವರು ಮತ್ತೆ ಬರುವುದಿಲ್ಲ, ಬಂದು ಹೋದ ಗುರುತಿಗೆ ಒಂದು ನಕ್ಷತ್ರ ಬಿಟ್ಟು ಹೋಗುತ್ತಾರೆ. ಅಭಿಪ್ರಾಯಗಳ ವಿಷಯದಲ್ಲಿ ನನ್ನ ಸಲಹೆ ಇಷ್ಟೇ: ಖುಷಿಯಾದ ಗಿರಾಕಿಯನ್ನು ಬಾಯಿಬಿಟ್ಟು ಕೇಳಿ, ಬೈದವರಿಗೂ ಮರ್ಯಾದೆಯಿಂದ ಉತ್ತರಿಸಿ, ದುಡ್ಡಿಗೋ ರಿಯಾಯಿತಿಗೋ ಬರೆಸಬೇಡಿ. ಅಂಥ ಅಭಿಪ್ರಾಯವನ್ನು ಗೂಗಲ್ ತೆಗೆದುಹಾಕಬಹುದು. ಆನ್‌ಲೈನ್ ವಿಮರ್ಶೆಗಳು ಹೇಗಿರಬೇಕೆಂಬ ಮಾನದಂಡವನ್ನು ಭಾರತೀಯ ಮಾನಕ ಬ್ಯೂರೊ ಕೂಡ 2022ರಲ್ಲಿ ಹೊರಡಿಸಿದೆ.

ಒಂದು ಹಗುರವಾದ ಪುಟ

ನಕ್ಷೆಯಲ್ಲಿ ಹೆಸರು ಬಂತು, ಇನ್ನು ವೆಬ್‌ಸೈಟ್ ಯಾಕೆ ಎಂದು ಕೇಳಬಹುದು. ನಕ್ಷೆ, ಇನ್‌ಸ್ಟಾಗ್ರಾಮ್, ಫೇಸ್‌ಬುಕ್ ಯಾವುದೂ ನಮ್ಮ ಸ್ವಂತದ್ದಲ್ಲ. ಬಿಸಿನೆಸ್ ಪ್ರೊಫೈಲ್‌ನಲ್ಲೇ ಪುಕ್ಕಟೆ ವೆಬ್‌ಸೈಟ್ ಮಾಡಿಕೊಳ್ಳುವ ಸೌಲಭ್ಯವೊಂದು ಇತ್ತು. ಅದನ್ನೇ ನಂಬಿ ವಿಸಿಟಿಂಗ್ ಕಾರ್ಡಿನ ಮೇಲೆ ಅದರ ವಿಳಾಸ ಅಚ್ಚು ಹಾಕಿಸಿಕೊಂಡವರಿದ್ದರು. 2024ರ ಮಾರ್ಚ್‌ನಲ್ಲಿ ಗೂಗಲ್ ಅವನ್ನೆಲ್ಲ ನಿಲ್ಲಿಸಿತು. 2020ರ ಜೂನ್ ಕೊನೆಯಲ್ಲಿ ಟಿಕ್‌ಟಾಕ್ ನಿಷೇಧವಾದಾಗ ಅಲ್ಲಿ ಲಕ್ಷಾಂತರ ಮಂದಿಯ ಅಭಿಮಾನ ಗಳಿಸಿದ್ದವರ ಕೈಗೆ ಬೆಳಗಾಗುವಷ್ಟರಲ್ಲಿ ಏನೂ ಉಳಿದಿರಲಿಲ್ಲ. ಬಾಡಿಗೆ ಮನೆಯಲ್ಲಿ ವ್ಯಾಪಾರ ಮಾಡುವುದು ತಪ್ಪಲ್ಲ, ಆದರೆ ಚಿಕ್ಕದಾದರೂ ಸ್ವಂತದ ಒಂದು ಸೂರು ಇರಬೇಕು.

ಸ್ವಂತ ವಿಳಾಸ, ಅಂದರೆ ಡೊಮೇನ್, ತೆಗೆದುಕೊಳ್ಳುವುದು ದುಬಾರಿಯಲ್ಲ. ಡಾಟ್ ಇನ್ ವಿಳಾಸಕ್ಕೆ ಸಾಮಾನ್ಯವಾಗಿ ವರ್ಷಕ್ಕೆ ಸಾವಿರ ರೂಪಾಯಿಯೊಳಗೇ ಆಗುತ್ತದೆ. ಆದರೆ ಅದನ್ನು ನಿಮ್ಮ ಹೆಸರಿನಲ್ಲಿ, ನಿಮ್ಮ ಇಮೇಲ್‌ನಿಂದ, ನಿಮ್ಮ ಫೋನ್ ನಂಬರಿಗೆ ಒಟಿಪಿ ಬರುವಂತೆ ನೋಂದಾಯಿಸಿ. ವೆಬ್‌ಸೈಟ್ ಮಾಡಿಕೊಡುವ ಹುಡುಗ ‘ನಾನೇ ಎಲ್ಲ ನೋಡ್ಕೋತೀನಿ ಅಣ್ಣಾ’ ಎನ್ನುತ್ತಾನೆ, ಒಳ್ಳೆಯ ಮನಸ್ಸಿನಿಂದಲೇ ಹೇಳಿರುತ್ತಾನೆ. ಎರಡು ವರ್ಷದ ಮೇಲೆ ಅವನು ಬೇರೆ ಊರಿಗೆ ಕೆಲಸಕ್ಕೆ ಹೋಗಿ, ನಂಬರ್ ಬದಲಾಗಿ, ನವೀಕರಣದ ದಿನ ದಾಟಿದರೆ ನಿಮ್ಮ ಅಂಗಡಿಯ ಹೆಸರಿನ ವಿಳಾಸ ಬೇರೆ ಯಾರದೋ ಪಾಲಾಗುತ್ತದೆ. ಪಾಸ್‌ವರ್ಡುಗಳನ್ನು ಜಮಾಖರ್ಚಿನ ಪುಸ್ತಕದಷ್ಟೇ ಜೋಪಾನವಾಗಿಡಿ.

ಪುಟದಲ್ಲಿ ಏನಿರಬೇಕು? ಫೋನಿನ ಪರದೆಯಲ್ಲಿ ಬೆರಳು ಸರಿಸುವ ಮೊದಲೇ ನಾಲ್ಕು ಸಂಗತಿ ಕಾಣಬೇಕು: ಏನು ಸಿಗುತ್ತದೆ, ಎಲ್ಲಿ, ಎಷ್ಟರಿಂದ ಶುರು, ಹೇಗೆ ಸಂಪರ್ಕಿಸಬೇಕು. ನಂಬರನ್ನು ಬರೀ ಅಂಕಿಗಳಾಗಿ ಬರೆಯದೆ, ಮುಟ್ಟಿದರೆ ಕರೆ ಹೋಗುವಂತೆ, ಪಕ್ಕದ ಗುಂಡಿ ಮುಟ್ಟಿದರೆ ವಾಟ್ಸ್ಆ್ಯಪ್ ತೆರೆಯುವಂತೆ ಮಾಡಿಸಿ. ‘ನಮ್ಮ ಧ್ಯೇಯ’, ‘ನಮ್ಮ ದೃಷ್ಟಿ’ ಎಂಬ ಉದ್ದುದ್ದ ಪ್ಯಾರಾಗಳು ಕೆಳಗಿರಲಿ. ಬೇಡವೆಂದರೂ ನಡೆಯುತ್ತದೆ.

ಬೆಲೆ ಬರೆಯಲು ನಮ್ಮ ವ್ಯಾಪಾರಿಗಳು ಹಿಂಜರಿಯುತ್ತಾರೆ. ಎದುರಿನ ಅಂಗಡಿಯವರಿಗೆ ತಿಳಿಯುತ್ತದೆ ಎಂಬ ಅಳುಕು ಅದು. ಎದುರಿನವರಿಗೆ ಹೇಗೂ ತಿಳಿದಿರುತ್ತದೆ, ತಿಳಿಯದೆ ಒದ್ದಾಡುವುದು ಗಿರಾಕಿ ಮಾತ್ರ. ಇಳಕಲ್ ಸೀರೆಯನ್ನೇ ತೆಗೆದುಕೊಳ್ಳಿ. ಹತ್ತಿ, ಚಮಕಾ (ಕೃತಕ ರೇಷ್ಮೆ), ರೇಷ್ಮೆ ಎಂದು ನೂಲು ಬದಲಾದಂತೆ ದರ ಬದಲಾಗುತ್ತದೆ, ಕೈಮಗ್ಗಕ್ಕೂ ಪವರ್‌ಲೂಮಿಗೂ ಅಜಗಜಾಂತರ. ದೂರದ ಊರಿನವರಿಗೆ ಇದು ಗೊತ್ತಿರುವುದಿಲ್ಲ. ‘ಈ ಸೀರೆ ಕೈಮಗ್ಗದ್ದು, ಒಡಲು ಹತ್ತಿ, ಸೆರಗು ಚಮಕಾ, ಗೋಮಿ ದಡಿ, ಇಷ್ಟು ಬೆಲೆ’ ಎಂದು ಪ್ರತಿ ಫೋಟೊ ಕೆಳಗೆ ಬರೆದರೆ ಅರ್ಧ ಪ್ರಶ್ನೆಗಳು ಅಲ್ಲೇ ತೀರುತ್ತವೆ. ಪವರ್‌ಲೂಮಿನದನ್ನು ಕೈಮಗ್ಗದ್ದೆಂದು ಬರೆಯಬೇಡಿ. ಫೋನಿನಲ್ಲಿ ಕೊಂಡವರು ಸೀರೆ ಕೈಗೆ ಬಂದ ಮೇಲೆ ಗೊತ್ತಿದ್ದವರಿಗೆ ತೋರಿಸಿಯೇ ತೋರಿಸುತ್ತಾರೆ.

ಫೋಟೊ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಮೊಬೈಲ್‌ನಲ್ಲಿ ಮಾರಾಟ ಗೆಲ್ಲುವುದೂ ಸೋಲುವುದೂ ಅಲ್ಲೇ. ಟ್ಯೂಬ್‌ಲೈಟಿನ ಕೆಳಗೆ ತೆಗೆದ ಸೀರೆಯ ಬಣ್ಣ ಬೇರೆಯೇ ಕಾಣುತ್ತದೆ, ದಾಳಿಂಬೆ ಕೆಂಪು ಇಟ್ಟಿಗೆ ಬಣ್ಣವಾಗಿಬಿಡುತ್ತದೆ. ಬೆಳಗಿನ ಹೊತ್ತು ನೆರಳಿರುವ ಪಡಸಾಲೆಯಲ್ಲಿ, ಬಿಳಿ ಗೋಡೆಯ ಮುಂದೆ ತೆಗೆಯಿರಿ. ಒಂದು ಪೂರ್ತಿ ಸೀರೆಯದು, ಒಂದು ದಡಿಯದು, ಒಂದು ಸೆರಗಿನದು, ಮತ್ತೊಂದು ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಕುಣಿಕೆಯಿಂದ ಕೂಡಿಸಿದ ಜಾಗದ್ದು. ಇಳಕಲ್ ಸೀರೆಯ ಹೆಗ್ಗುರುತೇ ಆ ಜೋಡಣೆ. ತಿಳಿದವರು ಮೊದಲು ಕೇಳುವುದೂ ಅದನ್ನೇ. ಇನ್ನು ಫೋನಿನ ಕ್ಯಾಮೆರಾ ತೆಗೆದ ಚಿತ್ರ ಮೂರು ನಾಲ್ಕು ಎಂಬಿ ಇರುತ್ತದೆ. ಅಂಥ ಇಪ್ಪತ್ತು ಚಿತ್ರಗಳನ್ನು ಹಾಗೆಯೇ ಪುಟಕ್ಕೆ ಏರಿಸಿದರೆ ಸಿಗ್ನಲ್ ಕಡಿಮೆಯಿರುವ ಊರಿನಲ್ಲಿ ಪುಟ ತೆರೆಯುವುದೇ ಇಲ್ಲ. ಗೂಗಲ್‌ನ ಸ್ಕ್ವೂಶ್‌ನಂಥ ಉಚಿತ ಸಾಧನದಲ್ಲಿ ಅಗಲವನ್ನು 1200 ಪಿಕ್ಸೆಲ್‌ಗೆ ಇಳಿಸಿ, ವೆಬ್‌ಪಿ ರೂಪದಲ್ಲಿ ಉಳಿಸಿದರೆ ಒಂದೊಂದೂ ನೂರಿನ್ನೂರು ಕೆಬಿಗೆ ಬರುತ್ತದೆ, ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ.

ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಿಸಬೇಕು ಎಂಬುದು ಗೂಗಲ್ ಇಟ್ಟುಕೊಂಡಿರುವ ಅಳತೆ. ಪೇಜ್‌ಸ್ಪೀಡ್ ಇನ್‌ಸೈಟ್ಸ್ ಎಂಬ ಉಚಿತ ತಾಣದಲ್ಲಿ ನಿಮ್ಮ ವಿಳಾಸ ಹಾಕಿದರೆ ಎಷ್ಟು ಹೊತ್ತು ಹಿಡಿಯುತ್ತದೆ, ಯಾವುದು ಭಾರ ಎಂದು ಪಟ್ಟಿಯೇ ಬರುತ್ತದೆ. ಮತ್ತೊಂದು ಮಾತು. ಗೂಗಲ್ ಈಗ ವೆಬ್‌ಸೈಟುಗಳ ಮೊಬೈಲ್ ರೂಪವನ್ನೇ ನೋಡಿ ತನ್ನ ಪಟ್ಟಿಗೆ ಸೇರಿಸುತ್ತದೆ. ಈ ಬದಲಾವಣೆ 2016ರಲ್ಲಿ ಘೋಷಣೆಯಾಗಿ 2023ರಲ್ಲಿ ಮುಗಿಯಿತು. ಕಂಪ್ಯೂಟರಿನಲ್ಲಿ ಕಾಣಿಸಿ ಮೊಬೈಲಿನಲ್ಲಿ ಅಡಗಿಸಿಟ್ಟದ್ದು ಅದರ ಲೆಕ್ಕಕ್ಕೆ ಬರುವುದಿಲ್ಲ.

ಕನ್ನಡ ಸರಿಯಾಗಿ ಮೂಡಲಿ

ನಮ್ಮಲ್ಲಿ ಕನ್ನಡದ ಬರಹವನ್ನು ಡಿಟಿಪಿ ಅಂಗಡಿಯಲ್ಲಿ ಮಾಡಿಸಿ ವೆಬ್‌ಸೈಟಿಗೆ ಕೊಡುವ ರೂಢಿ ಇದೆ. ಅಲ್ಲಿ ನುಡಿ ಅಥವಾ ಬರಹದ ಹಳೆಯ ಆಸ್ಕಿ ಫಾಂಟುಗಳಲ್ಲಿ ಟೈಪ್ ಮಾಡಿದ್ದರೆ ಫೋನಿನಲ್ಲಿ ಅದು ಕನ್ನಡವಾಗಿ ಕಾಣದೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗುತ್ತದೆ. ಯೂನಿಕೋಡ್‌ನಲ್ಲೇ ಬೇಕೆಂದು ಹಟ ಹಿಡಿಯಿರಿ. ಹಳೆಯದನ್ನು ಬದಲಾಯಿಸುವ ಪರಿವರ್ತಕಗಳು ಉಚಿತವಾಗಿಯೇ ಸಿಗುತ್ತವೆ. ಈ ತೊಂದರೆ ತಪ್ಪಿಸಿಕೊಳ್ಳಲು ಕೆಲವರು ಇಡೀ ಬರಹವನ್ನು, ಹೋಟೆಲಿನವರು ಇಡೀ ಮೆನುವನ್ನು, ಚಿತ್ರವಾಗಿಸಿ ಹಾಕುತ್ತಾರೆ. ಚಿತ್ರದೊಳಗಿನ ಅಕ್ಷರವನ್ನು ನಂಬಿ ಹುಡುಕಾಟದಲ್ಲಿ ಮೇಲೆ ಬರಲಾಗದು, ಕಣ್ಣು ಕಾಣದವರ ಫೋನ್ ಅದನ್ನು ಓದಿ ಹೇಳುವುದೂ ಕಷ್ಟ, ಸಣ್ಣ ಪರದೆಯಲ್ಲಿ ಹಿಗ್ಗಿಸಿ ಕುಗ್ಗಿಸಿ ನೋಡುವ ತಾಪತ್ರಯ ಬೇರೆ.

ಸಿದ್ಧ ವಿನ್ಯಾಸಗಳು ಬಹುಪಾಲು ಇಂಗ್ಲಿಷ್ ಅಕ್ಷರಕ್ಕೆಂದು ಮಾಡಿದವು. ನಮ್ಮ ಒತ್ತಕ್ಷರ ಕೆಳಗಿಳಿಯುತ್ತದೆ, ಗುಣಿತದ ಗುಡಿಸು ಮೇಲೇರುತ್ತದೆ. ಸಾಲುಗಳ ನಡುವೆ ಜಾಗ ಸಾಲದಿದ್ದರೆ ಗುಂಡಿಯ ಮೇಲಿನ ಪದದ ಕೆಳಗಿನ ಭಾಗ ಕತ್ತರಿಸಿಹೋಗುತ್ತದೆ, ‘ಅಕ್ಕಿ’ ‘ಅಕಿ’ಯಂತೆ ಕಾಣುತ್ತದೆ. ಸಾಲಿನ ಎತ್ತರವನ್ನು ಅಕ್ಷರದ ಗಾತ್ರದ ಒಂದೂವರೆ ಪಟ್ಟಿಗಿಂತ ಹೆಚ್ಚೇ ಇಡಲು ಹೇಳಿ. ಕನ್ನಡದ ಪದ ಉದ್ದವಾಗಿರುವುದರಿಂದ ಗುಂಡಿಯ ಮೇಲೆ ‘ಇಲ್ಲಿ ಕ್ಲಿಕ್ ಮಾಡುವ ಮೂಲಕ ನಿಮ್ಮ ಬೇಡಿಕೆಯನ್ನು ಸಲ್ಲಿಸಿ’ ಎಂದು ಬರೆಸಬೇಡಿ, ‘ಆರ್ಡರ್ ಮಾಡಿ’ ಸಾಕು. ಗುಂಡಿ ಹೆಬ್ಬೆರಳಿಗೆ ಸಿಗುವಷ್ಟು ದೊಡ್ಡದಿರಲಿ. ಆಂಡ್ರಾಯ್ಡ್‌ನ ಮಾರ್ಗಸೂಚಿಯಂತೆ ಸುಮಾರು ಒಂಬತ್ತು ಮಿಲಿಮೀಟರ್ ಬೇಕು. ಹೆಸರನ್ನು ಕನ್ನಡದಲ್ಲಿ ಬರೆದ ಹಾಗೆಯೇ ಇಂಗ್ಲಿಷ್ ಲಿಪಿಯಲ್ಲೂ ಒಂದು ಕಡೆ ಬರೆದಿಡಿ. ಕನ್ನಡಿಗರಲ್ಲೂ ಬಹಳ ಮಂದಿ ಹುಡುಕುವಾಗ ಒತ್ತುವುದು ಅದನ್ನೇ.

ಎಲ್ಲ ಆದ ಮೇಲೆ ವಿನ್ಯಾಸಗಾರರ ಹೊಸ ಫೋನಿನಲ್ಲಿ ನೋಡಿ ಒಪ್ಪಿಕೊಳ್ಳಬೇಡಿ. ಅಂಗಡಿಯ ಹುಡುಗನ ಹಳೆಯ ಆಂಡ್ರಾಯ್ಡ್ ಫೋನ್ ತೆಗೆದುಕೊಂಡು, ವೈಫೈ ಆರಿಸಿ, ಬಿಸಿಲಿಗೆ ಹೋಗಿ ತೆರೆಯಿರಿ. ಬೂದು ಬಣ್ಣದ ತೆಳು ಅಕ್ಷರ ಕಾಣುತ್ತದೆಯೇ, ಒಂದೇ ಕೈಯಲ್ಲಿ ಆರ್ಡರ್ ಮುಗಿಯುತ್ತದೆಯೇ, ಮೇಲೆ ಹಾರಿ ಬರುವ ಜಾಹೀರಾತನ್ನು ಮುಚ್ಚಲು ಬರುತ್ತದೆಯೇ ಎಂಬುದೆಲ್ಲ ಅಲ್ಲಿ ತಿಳಿಯುತ್ತದೆ. ಮನೆಯ ಹಿರಿಯರ ಕೈಗೆ ಕೊಟ್ಟು, ಏನೂ ಹೇಳಿಕೊಡದೆ, ‘ಇದರಲ್ಲಿ ಒಂದು ಸೀರೆ ತರಿಸು ಅವ್ವ’ ಎಂದು ಹೇಳಿ ಸುಮ್ಮನೆ ನೋಡಿ. ಅವರು ಎಲ್ಲಿ ತಡೆಯುತ್ತಾರೋ ಅಲ್ಲೇ ರಿಪೇರಿ ಆಗಬೇಕು.

ವಾಟ್ಸ್ಆ್ಯಪ್ ಎಂಬ ಅಂಗಡಿ ಮುಂಗಟ್ಟು

2022ರ ನವೆಂಬರ್ 1ರಂದು ಬೆಂಗಳೂರಿನ ‘ನಮ್ಮ ಮೆಟ್ರೊ’ ವಾಟ್ಸ್ಆ್ಯಪ್‌ನಲ್ಲೇ ಕ್ಯೂಆರ್ ಟಿಕೆಟ್ ಕೊಡಲು ಶುರುಮಾಡಿತು. ಮೆಟ್ರೊಗೆ ತನ್ನದೇ ಆ್ಯಪ್ ಇದ್ದರೂ, ಜನ ಆಗಲೇ ಇರುವ ಕಡೆಗೆ ತಾನೇ ಹೋಯಿತು. ದಿನಾ ಲಕ್ಷಾಂತರ ಜನರನ್ನು ಸಾಗಿಸುವ ಸಂಸ್ಥೆಗೆ ಸರಿಕಂಡ ದಾರಿ ಸೀರೆ ಅಂಗಡಿಗೂ ಸರಿಯೇ.

ವಾಟ್ಸ್ಆ್ಯಪ್ ಬಿಸಿನೆಸ್ ಎಂಬ ಪ್ರತ್ಯೇಕ ಆ್ಯಪ್ 2018ರಿಂದ ಇದೆ, ಉಚಿತ. ಅದರ ಕ್ಯಾಟಲಾಗ್‌ನಲ್ಲಿ 500 ವಸ್ತುಗಳವರೆಗೆ ಫೋಟೊ, ಬೆಲೆ, ವಿವರ ಹಾಕಿಡಬಹುದು. ಅಂಗಡಿ ಮುಚ್ಚಿದ ಹೊತ್ತಿಗೆ ತಾನಾಗಿ ಹೋಗುವ ಉತ್ತರ, ಪದೇ ಪದೇ ಬರೆಯುವ ಮಾತುಗಳಿಗೆ ಸಿದ್ಧ ಉತ್ತರ, ‘ಹಣ ಬಂದಿದೆ’, ‘ಕೊರಿಯರ್ ಆಗಿದೆ’ ಎಂಬ ಚೀಟಿಗಳು ಇವೆಲ್ಲ ಅದರಲ್ಲಿವೆ. ಮನೆಯ ನಂಬರ್ ಬಿಟ್ಟು ಅಂಗಡಿಗೆಂದೇ ಬೇರೆ ಸಿಮ್ ಇಡುವುದು ಒಳ್ಳೆಯದು, ಮುಂದೆ ಕೆಲಸದವರ ಕೈಗೆ ಕೊಡಲು ಬರುತ್ತದೆ.

ಒಂದೇ ಸಂದೇಶವನ್ನು ಹಲವರಿಗೆ ಒಟ್ಟಿಗೆ ಕಳಿಸುವ ಬ್ರಾಡ್‌ಕಾಸ್ಟ್ ಪಟ್ಟಿ ಒಂದಕ್ಕೆ 256 ಮಂದಿಯ ಮಿತಿಯಿದೆ, ಅದೂ ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ಹಾಗಾಗಿ ಬಿಲ್ ಕೊಡುವಾಗ ‘ನಮ್ಮ ನಂಬರ್ ಸೇವ್ ಮಾಡ್ಕೊಳ್ರೀ, ಹೊಸ ಮಾಲು ಬಂದಾಗ ಫೋಟೊ ಕಳಿಸ್ತೀವಿ’ ಎಂದು ಹೇಳಿ, ಹೂಂ ಎಂದವರನ್ನಷ್ಟೇ ಸೇರಿಸಿ. ಯಾರದೋ ನಂಬರ್ ಪಟ್ಟಿ ಕೊಂಡು ತಂದು ಗುಂಪಿಗೆ ತುಂಬಬೇಡಿ. ನಾಲ್ಕು ಜನ ಸ್ಪ್ಯಾಮ್ ಎಂದು ದೂರಿದರೆ ಅಂಗಡಿಯ ನಂಬರೇ ಬಂದ್ ಆಗಬಹುದು. ದಿನಾ ಬೆಳಿಗ್ಗೆ ಶುಭೋದಯದ ಚಿತ್ರ ಕಳಿಸುವ ಅಂಗಡಿಯನ್ನು ಜನ ಮ್ಯೂಟ್ ಮಾಡುತ್ತಾರೆ, ಆಮೇಲೆ ಹೊಸ ಮಾಲಿನ ಸುದ್ದಿಯೂ ಅವರಿಗೆ ಮುಟ್ಟುವುದಿಲ್ಲ. ಸಾವಿರಾರು ಜನಕ್ಕೆ ಕಳಿಸಬೇಕಾದವರಿಗೆ ಹಣ ಕೊಟ್ಟು ಬಳಸುವ ಬೇರೆ ವ್ಯವಸ್ಥೆಯನ್ನು ವಾಟ್ಸ್ಆ್ಯಪ್ ಇಟ್ಟಿದೆ. ಎಸ್ಸೆಮ್ಮೆಸ್ ಆದರೆ ಟ್ರಾಯ್ ನಿಯಮದಂತೆ ಹೆಸರು ಮತ್ತು ಸಂದೇಶದ ಮಾದರಿ ಎರಡನ್ನೂ ಮೊದಲೇ ನೋಂದಾಯಿಸಬೇಕು. ಸಣ್ಣ ಅಂಗಡಿಗೆ ಆ ಗೋಜು ಬೇಡ.

ಯುಪಿಐ ಹಣದ ವಿಷಯದಲ್ಲಿ ಒಂದೇ ಎಚ್ಚರಿಕೆ. ಗಿರಾಕಿ ಕಳಿಸಿದ ಸ್ಕ್ರೀನ್‌ಶಾಟ್ ನೋಡಿ ಪಾರ್ಸೆಲ್ ಕಟ್ಟಬೇಡಿ, ನಿಮ್ಮ ಬ್ಯಾಂಕ್ ಖಾತೆಯಲ್ಲಿ ಜಮೆ ಕಂಡ ಮೇಲೆ ಕಟ್ಟಿ. ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ ಎಂಬುದನ್ನು ಗಲ್ಲಾದಲ್ಲಿ ಕೂರುವ ಎಲ್ಲರಿಗೂ ಹೇಳಿಟ್ಟಿರಿ.

ಆ್ಯಪ್ ಯಾರಿಗೆ ಬೇಕು?

ಗಿರಾಕಿ ವಾರಕ್ಕೊಮ್ಮೆಯಾದರೂ ಬರುವ ವ್ಯವಹಾರವೇ, ಅವರಿರುವ ಜಾಗ ತಿಳಿಯಬೇಕೇ, ನೆಟ್‌ವರ್ಕ್ ಇಲ್ಲದಾಗಲೂ ಕೆಲಸ ನಡೆಯಬೇಕೇ ಎಂದು ಕೇಳಿಕೊಳ್ಳಿ. ಹೌದಾದರೆ ಆ್ಯಪ್ ಬಗ್ಗೆ ಯೋಚಿಸಬಹುದು. ದಿನದ ಹಾಲು ತರಕಾರಿ, ಪಾಠದ ವಿಡಿಯೊ ಇಳಿಸಿಕೊಂಡು ನೋಡುವ ಕೋಚಿಂಗ್ ತರಗತಿ, ಬಾಡಿಗೆ ವಾಹನ ಈ ಬಗೆಯವು. ಬೆಂಗಳೂರಿನಲ್ಲಿ 2022ರ ನವೆಂಬರ್‌ನಲ್ಲಿ ಆಟೊ ಚಾಲಕರ ಸಂಘಟನೆಯ ಜೊತೆಗೂಡಿ ಬಂದ ‘ನಮ್ಮ ಯಾತ್ರಿ’ ಆ್ಯಪ್ ಇದಕ್ಕೆ ಒಳ್ಳೆಯ ನಿದರ್ಶನ. ಸವಾರನ ಜಾಗ, ಚಾಲಕನ ಜಾಗ ಎರಡೂ ಕ್ಷಣಕ್ಷಣಕ್ಕೂ ತಿಳಿಯಬೇಕು, ಬಳಕೆ ದಿನನಿತ್ಯದ್ದು. ಪ್ರತಿ ಸವಾರಿಗೆ ಕಮಿಷನ್ ಹಿಡಿಯದೆ ಚಾಲಕರಿಂದ ಚಿಕ್ಕ ಶುಲ್ಕ ಪಡೆಯುವ ಪದ್ಧತಿ ಮತ್ತು ಕನ್ನಡದಲ್ಲೇ ಬಳಸುವ ಅನುಕೂಲ ಇದ್ದುದರಿಂದ ಅದು ಚಾಲಕರ ಫೋನಿನಲ್ಲಿ ನೆಲೆ ನಿಂತಿತು.

ಇದಕ್ಕೆ ವಿರುದ್ಧದ ತುದಿಯಲ್ಲಿ ಮಾವಿನ ಹಣ್ಣಿದೆ. ರಾಜ್ಯದ ಮಾವು ಅಭಿವೃದ್ಧಿ ಮತ್ತು ಮಾರುಕಟ್ಟೆ ನಿಗಮ ‘ಕರ್ಸಿರಿ ಮ್ಯಾಂಗೋಸ್’ ಎಂಬ ವೆಬ್‌ಸೈಟ್ ಮೂಲಕ ಬೆಳೆಗಾರರ ಹಣ್ಣಿಗೆ ಆರ್ಡರ್ ಪಡೆದು, ಅಂಚೆ ಇಲಾಖೆಯ ಮೂಲಕ ಬೆಂಗಳೂರಿನ ಮನೆಗಳಿಗೆ ಮುಟ್ಟಿಸಿದೆ. ವರ್ಷದಲ್ಲಿ ಎರಡು ಮೂರು ತಿಂಗಳು ಮಾತ್ರ ಇರುವ ಸರಕಿಗೆ ವೆಬ್‌ಸೈಟೇ ತಕ್ಕದ್ದು.

ಆ್ಯಪ್ ಮಾಡಿಸುವುದಕ್ಕಿಂತ ಸಾಕುವುದು ಕಷ್ಟ ಎಂಬುದನ್ನು ಮಾಡಿಕೊಡುವವರು ಹೇಳುವುದು ಅಪರೂಪ. ಗೂಗಲ್ ಪ್ಲೇ ಖಾತೆಗೆ ಒಮ್ಮೆ 25 ಡಾಲರ್, ಆಪಲ್‌ಗೆ ಪ್ರತಿ ವರ್ಷ 99 ಡಾಲರ್ ಕಟ್ಟಬೇಕು, ಇದು ಸಣ್ಣ ಮೊತ್ತ. ಆದರೆ ಆಂಡ್ರಾಯ್ಡ್‌ನ ಹೊಸ ಆವೃತ್ತಿಗಳು ಬಂದಂತೆ ಆ್ಯಪನ್ನೂ ಹೊಂದಿಸಿ ಮತ್ತೆ ಏರಿಸುತ್ತಿರಬೇಕು. ಹಾಗೆ ಮಾಡದಿದ್ದರೆ ಹೊಸ ಫೋನ್ ಕೊಂಡವರಿಗೆ ಪ್ಲೇ ಸ್ಟೋರ್‌ನಲ್ಲಿ ಅದು ಕಾಣಿಸುವುದೇ ನಿಲ್ಲುತ್ತದೆ. 2023ರ ನವೆಂಬರ್ ನಂತರ ವೈಯಕ್ತಿಕ ಖಾತೆ ತೆರೆದವರು ಬಿಡುಗಡೆಗೆ ಮುನ್ನ ಕನಿಷ್ಠ 12 ಮಂದಿಯಿಂದ 14 ದಿನ ಪರೀಕ್ಷೆ ಮಾಡಿಸಬೇಕೆಂಬ ನಿಯಮವೂ ಇದೆ. ಒಪ್ಪಂದ ಮಾಡಿಕೊಳ್ಳುವಾಗ ಮೂರು ವರ್ಷದ ನಿರ್ವಹಣೆಯ ಖರ್ಚು ಎಷ್ಟು, ಪ್ಲೇ ಖಾತೆ ಯಾರ ಹೆಸರಿನಲ್ಲಿರುತ್ತದೆ, ಮೂಲ ಕೋಡ್ ನಮಗೆ ಕೊಡುತ್ತೀರಾ ಎಂದು ಬರಹದಲ್ಲೇ ಕೇಳಿ. ಭಾರತದಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಫೋನುಗಳು ಆಂಡ್ರಾಯ್ಡ್, ಆದ್ದರಿಂದ ಮಾಡಿಸಲೇಬೇಕಿದ್ದರೆ ಅದರಿಂದ ಶುರುಮಾಡಿ.

ನಡುವಿನ ದಾರಿಯೂ ಒಂದಿದೆ. ಪ್ರೊಗ್ರೆಸಿವ್ ವೆಬ್ ಆ್ಯಪ್ ಎಂದು ಕರೆಯುವ ಇದು ಮೂಲತಃ ವೆಬ್‌ಸೈಟೇ. ಆದರೆ ಗಿರಾಕಿ ಬಯಸಿದರೆ ಫೋನಿನ ಮುಖಪುಟಕ್ಕೆ ಸೇರಿಸಿಕೊಳ್ಳಬಹುದು, ಸಿಗ್ನಲ್ ಹೋದರೂ ಒಮ್ಮೆ ನೋಡಿದ ಪುಟ ತೆರೆಯುತ್ತದೆ, ಪ್ಲೇ ಸ್ಟೋರ್ ಹಂಗಿಲ್ಲ. ಫ್ಲಿಪ್‌ಕಾರ್ಟ್ ಲೈಟ್ ಈ ಬಗೆಯದೇ.

ತೆರಿಗೆ, ಕಾನೂನು

2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆಯಿಂದ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಬಂದಾಗ ಅನೇಕರು ಕ್ಯೂಆರ್ ಕೋಡ್ ಕಿತ್ತು ಹಾಕಿದರು. ಭಯಪಡುವುದಕ್ಕಿಂತ ನಿಯಮ ತಿಳಿದುಕೊಳ್ಳುವುದು ಮೇಲು. ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ರೂಪಾಯಿ, ಸೇವೆ ಕೊಡುವವರಿಗೆ 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ಮೊಬೈಲಿನಲ್ಲಿ ಮಾರಾಟ ಶುರುವಾದರೆ ಹೊರರಾಜ್ಯದ ಆರ್ಡರ್ ಬಂದೇ ಬರುತ್ತದೆ. ತೆರಿಗೆ ಇರುವ ಸರಕನ್ನು ಬೇರೆ ರಾಜ್ಯಕ್ಕೆ ಮಾರುವವರಿಗೆ ವಹಿವಾಟು ಎಷ್ಟೇ ಇರಲಿ ನೋಂದಣಿ ಬೇಕಾಗುತ್ತದೆ, ಕೆಲವು ಕರಕುಶಲ ವಸ್ತುಗಳಿಗೆ ವಿನಾಯಿತಿ ಉಂಟು. ಮೊದಲ ಪಾರ್ಸೆಲ್ ಪುಣೆಗೆ ಹೋಗುವ ಮುನ್ನ ತೆರಿಗೆ ಸಲಹೆಗಾರರನ್ನು ಒಂದು ಮಾತು ಕೇಳಿ. ಹಪ್ಪಳ, ಚಟ್ನಿಪುಡಿ, ಹೋಳಿಗೆ ಮನೆಯಲ್ಲೇ ಮಾಡಿ ಮಾರುವವರಿಗೂ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಗಿರಾಕಿಗಳ ಹೆಸರು, ನಂಬರ್, ವಿಳಾಸ ಸಂಗ್ರಹಿಸುವವರು ಅವನ್ನು ಕೇಳಿದ ಕೆಲಸಕ್ಕಷ್ಟೇ ಬಳಸಬೇಕೆಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುತ್ತದೆ.

ಇಷ್ಟನ್ನೂ ಒಂದೇ ದಿನ ಮಾಡಬೇಕಿಲ್ಲ. ಇಂದು ಸಂಜೆ ಅಂಗಡಿಯಲ್ಲಿ ಕುಳಿತಾಗ, ನಿಮ್ಮ ಫೋನ್ ಬಿಟ್ಟು ಬೇರೊಬ್ಬರ ಫೋನಿನಲ್ಲಿ, ನಿಮ್ಮ ಅಂಗಡಿಯ ಹೆಸರನ್ನು ಒಮ್ಮೆ ಕನ್ನಡದಲ್ಲಿ, ಒಮ್ಮೆ ಇಂಗ್ಲಿಷ್ ಅಕ್ಷರಗಳಲ್ಲಿ ಹುಡುಕಿ. ಹೆಸರು, ಜಾಗ, ಸಮಯ, ನಂಬರ್ ಈ ನಾಲ್ಕರಲ್ಲಿ ಯಾವುದು ತಪ್ಪಿದೆಯೋ ಅದನ್ನು ಇಂದೇ ತಿದ್ದಿ. ಆ್ಯಪ್ ಮಾಡಿಸಿಕೊಡುತ್ತೇವೆಂದು ಬಂದವರನ್ನು ಇನ್ನೊಂದು ವರ್ಷ ಕಾಯಿಸಿದರೂ ನಷ್ಟವಿಲ್ಲ.